ಮೊದಲ ಬೋವಾ: ಮನೆಗೆ ತರುವ ಮುನ್ನ, ತಂದ ಮೇಲೆ

ಅಮೆರಿಕದ ಸರೀಸೃಪ ಮೇಳಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟಿರುವ ಬೋವಾ ಮರಿ ಒಂದೂವರೆ ಅಡಿ ಉದ್ದವಿದ್ದರೆ ಹೆಚ್ಚು. ಅಂಗೈ ಮೇಲೆ ಬಿಟ್ಟರೆ ಬೆರಳಸಂದಿಯಲ್ಲಿ ನಿಧಾನವಾಗಿ ನುಸುಳಿ ಅಲ್ಲೇ ಸುತ್ತಿಕೊಂಡು ಕೂರುತ್ತದೆ. ಹನ್ನೆರಡು ವರ್ಷದ ಮಗಳು ಅದನ್ನು ಹಿಡಿದು ನಿಂತಾಗ ಅಪ್ಪ-ಅಮ್ಮ ಕೇಳುವುದು ಸಾಮಾನ್ಯವಾಗಿ "ಕಚ್ಚುತ್ತದೆಯೇ?" ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು "ಎಷ್ಟು ವರ್ಷ ಬದುಕುತ್ತದೆ?" ಎಂದು. ಚೆನ್ನಾಗಿ ಸಾಕಿದ ಬೋವಾ 20ರಿಂದ 30 ವರ್ಷ ಬದುಕುತ್ತದೆ. ಫಿಲಡೆಲ್ಫಿಯಾ ಮೃಗಾಲಯದಲ್ಲಿದ್ದ 'ಪಾಪಾಯ್' ಎಂಬ ಬೋವಾ 1977ರಲ್ಲಿ ತೀರಿಕೊಂಡಾಗ ಅದಕ್ಕೆ 40 ವರ್ಷ ದಾಟಿತ್ತು. ಮಗಳು ಕಾಲೇಜಿಗೆ ಹೋಗಿ, ಕೆಲಸ ಹಿಡಿದು, ಮದುವೆಯಾಗಿ ಬೇರೆ ಊರು ಸೇರಿದ ಮೇಲೂ ಹಾವು ನಿಮ್ಮ ಮನೆಯಲ್ಲೇ ಇರಬಹುದು. ಹಾಗಾಗಿ ಇದು ಮಗುವಿನ ಆಸೆಯಿಂದ ಹುಟ್ಟಿದರೂ ದೊಡ್ಡವರು ತಮಗಾಗಿ ತೆಗೆದುಕೊಳ್ಳಬೇಕಾದ ತೀರ್ಮಾನ. "ನಾಳೆ ಮಗುವಿಗೆ ಬೇಜಾರಾದರೂ ನಾನು ನೋಡಿಕೊಳ್ಳುತ್ತೇನೆ" ಎಂದು ಮನೆಯ ಒಬ್ಬ ಹಿರಿಯರಾದರೂ ಮನಸ್ಸಿನಿಂದ ಹೇಳುವಂತಿದ್ದರೆ ಮಾತ್ರ ಮುಂದುವರಿಯಿರಿ.

ಬೋವಾ ಸಾಕುವುದರಲ್ಲಿ ದಿನನಿತ್ಯದ ದುಡಿಮೆ ಕಡಿಮೆ. ವಾಕಿಂಗ್ ಕರೆದೊಯ್ಯಬೇಕಿಲ್ಲ, ದಿನಾ ಊಟ ಹಾಕಬೇಕಿಲ್ಲ. ಬದಲಿಗೆ ಅದಕ್ಕೆ ಬೇಕಾದ ಬಿಸಿ, ತೇವ, ಮರೆಯನ್ನು ಮೊದಲೇ ಸರಿಯಾಗಿ ಹೊಂದಿಸಿ, ಆಮೇಲೆ ಅದರ ಪಾಡಿಗೆ ಬಿಡುವ ತಾಳ್ಮೆ ಬೇಕು. ನನ್ನ ಬಳಿ ಬರುವ ಕಾಯಿಲೆಯ ಬೋವಾಗಳಲ್ಲಿ ಉಪೇಕ್ಷೆಯಿಂದ ಬಳಲಿದವು ಕಡಿಮೆ. ಅತಿಯಾಗಿ ತಿನ್ನಿಸಿದ, ಅತಿಯಾಗಿ ಎತ್ತಾಡಿದ, ಅವಸರದಲ್ಲಿ ತಂದ ಹಾವುಗಳೇ ಹೆಚ್ಚು.

ಸಾಕುಪ್ರಾಣಿಯಾಗಿ ಸಿಗುವ ಬೋವಾಗಳಲ್ಲಿ ಬಹುಪಾಲು 'ಬೋವಾ ಇಂಪರೇಟರ್' ಎಂಬ ಜಾತಿಯವು. ಮಧ್ಯ ಅಮೆರಿಕ ಮತ್ತು ಕೊಲಂಬಿಯಾ ಇದರ ಮೂಲ. ಹೆಣ್ಣು 6ರಿಂದ 8 ಅಡಿ, ಗಂಡು 5ರಿಂದ 6 ಅಡಿ ಬೆಳೆಯುತ್ತವೆ. ಅಮೆಜಾನ್ ಕಡೆಯ 'ಬೋವಾ ಕನ್‌ಸ್ಟ್ರಿಕ್ಟರ್' ಇನ್ನೂ ದೊಡ್ಡದು, ಆರೈಕೆಯಲ್ಲಿ ಸೂಕ್ಷ್ಮ. ಮೊದಲ ಹಾವಾಗಿ ಅದನ್ನು ನಾನು ಒಪ್ಪುವುದಿಲ್ಲ. ಮಕ್ಕಳಿರುವ ಮನೆಗೆ ನನ್ನ ಆಯ್ಕೆ ಬೋವಾ ಇಂಪರೇಟರ್‌ನ ಗಂಡು. ಹೊಂಡುರಾಸ್ ಬಳಿಯ ಹಾಗ್ ಐಲ್ಯಾಂಡ್‌ನಂಥ ದ್ವೀಪಗಳ ಮೂಲದ ಗಿಡ್ಡ ತಳಿಯ ಗಂಡು ಸಿಕ್ಕರೆ ಇನ್ನೂ ಅನುಕೂಲ. ಮರಿ ಇದ್ದಾಗ ಗಾತ್ರದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಆದ್ದರಿಂದ ಗಂಡೋ ಹೆಣ್ಣೋ ಎಂಬುದನ್ನು ತಳಿಗಾರರಿಂದ ಖಚಿತಪಡಿಸಿಕೊಳ್ಳಿ. ಬಾಲದ ಬುಡದಲ್ಲಿ ಎರಡೂ ಬದಿ ಪುಟ್ಟ ಉಗುರಿನಂಥವು ಇರುತ್ತವೆ, ಒಂದು ಕಾಲಕ್ಕಿದ್ದ ಹಿಂಗಾಲುಗಳ ಅವಶೇಷ. ಬೆಳೆದ ಗಂಡಿನಲ್ಲಿ ಅವು ಎದ್ದು ಕಾಣುತ್ತವೆ. ಮಕ್ಕಳಿಗೆ ಅದನ್ನು ತೋರಿಸಿ, ಬಹಳ ಖುಷಿಪಡುತ್ತಾರೆ.

ಇನ್ನು ಯಾರ ಮನೆಗೆ ಬೋವಾ ಬೇಡ ಎಂಬ ವಿಷಯ. ಸರೀಸೃಪಗಳ ಮೈಮೇಲೆ, ಮಲದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಹಾವಿಗೆ ಅದರಿಂದ ತೊಂದರೆಯಿಲ್ಲ, ಮನುಷ್ಯರಿಗೆ ಇದೆ. 5 ವರ್ಷದೊಳಗಿನ ಮಕ್ಕಳು, 65 ದಾಟಿದವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗೆ ಸರೀಸೃಪ ತರಬೇಡಿ ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಇದಕ್ಕೆ ಒಂದು ವಿಶೇಷ ತೂಕವಿದೆ: ಊರಿಂದ ಅಜ್ಜಿ-ತಾತ ಬಂದರೆ ಆರು ತಿಂಗಳು ಇರುತ್ತಾರೆ, ಹೆಚ್ಚಾಗಿ ಮನೆಯಲ್ಲಿ ಹಸುಗೂಸು ಬಂದ ಹೊತ್ತಿಗೇ ಬರುತ್ತಾರೆ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಬೋವಾದ ಯೋಚನೆಯನ್ನು ಕೆಲವು ವರ್ಷ ಮುಂದೂಡಿ. ಉಳಿದವರಿಗೆ ನಿಯಮ ಸರಳ: ಹಾವನ್ನಾಗಲಿ ಅದರ ಪೆಟ್ಟಿಗೆಯನ್ನಾಗಲಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಮುತ್ತು ಕೊಡಬಾರದು, ನೀರಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ಬೋವಾ ಬೇಡ ಎನ್ನಲು ಎರಡನೆಯ ಕಾರಣ ಊಟ. ಬೋವಾ ಇಲಿ ತಿನ್ನುತ್ತದೆ, ಇಡೀ ಇಲಿ. ತರಕಾರಿಯಲ್ಲೋ ಹಾಲಿನಲ್ಲೋ ಹಾವು ಬದುಕಲಾರದು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಭಕ್ತಿ ನಮ್ಮದು, ಅದನ್ನು ಗೌರವಿಸಿಯೇ ಹೇಳುತ್ತೇನೆ, ಸಾಕಿದ ಹಾವಿಗೆ ಹಾಲಿಡಬೇಡಿ. ಅದರ ಜೀರ್ಣಾಂಗ ಅದಕ್ಕೆ ಹೊಂದಿದ್ದಲ್ಲ. ಕೊಂದು ಹೆಪ್ಪುಗಟ್ಟಿಸಿದ ಇಲಿಗಳು ಅಂಗಡಿಯಲ್ಲಿ ಸಿಗುತ್ತವೆ, ಅವನ್ನು ಮನೆಯ ಫ್ರೀಜರಿನಲ್ಲಿ ಇಟ್ಟುಕೊಳ್ಳಬೇಕು. ಮೊಟ್ಟೆಯೂ ಬಾರದ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಗರಾಜಿನಲ್ಲಿ ಬೇರೆಯೇ ಒಂದು ಪುಟ್ಟ ಫ್ರೀಜರ್ ಇಟ್ಟು ಈ ತೊಡಕನ್ನು ಬಗೆಹರಿಸಿಕೊಂಡ ಕುಟುಂಬಗಳನ್ನು ನಾನು ಬಲ್ಲೆ. ಆಹಾರದಿಂದ ದೂರ ಇರುವುದರಿಂದ ಆರೋಗ್ಯದ ದೃಷ್ಟಿಯಿಂದಲೂ ಅದೇ ಸರಿ. ಏಕೆಂದರೆ ಹೆಪ್ಪುಗಟ್ಟಿದ ಇಲಿಗಳಿಂದಲೂ ಸಾಲ್ಮೊನೆಲ್ಲಾ ಹರಡಿದ ಪ್ರಕರಣಗಳಿವೆ, ಫ್ರೀಜರಿನ ಚಳಿಗೆ ಆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಆದರೆ ಇಲಿಯನ್ನು ಇಕ್ಕಳದಲ್ಲಿ ಹಿಡಿಯಲು ಮನೆಯಲ್ಲಿ ಯಾರಿಗೂ ಮನಸ್ಸೊಪ್ಪದಿದ್ದರೆ ಆ ಹಿಂಜರಿಕೆಯನ್ನು ಗೌರವಿಸಿ, ಹಾವು ಬೇಡ. ಸೊಪ್ಪು ತರಕಾರಿ ತಿನ್ನುವ ಸರೀಸೃಪಗಳಿವೆ, ಅವುಗಳ ಬಗ್ಗೆ ಮಗುವಿನೊಂದಿಗೆ ಮಾತಾಡಿ.

ಕರ್ನಾಟಕದಲ್ಲೇ ಕುಳಿತು ಇದನ್ನು ಓದುತ್ತಿರುವ ಪೋಷಕರಿಗೆ ಒಂದು ಮಾತು. ನಮ್ಮ ಹೊಲಗಳಲ್ಲಿ ಸಿಗುವ ಮಣ್ಣುಮುಕ್ಕ ಹಾವು, ಜನ 'ಎರಡು ತಲೆ ಹಾವು' ಎನ್ನುವುದು, ಅದೂ ಬೋವಾಗಳ ಬಂಧುವೇ. ಮೊಂಡಾದ ಬಾಲ ತಲೆಯಂತೆ ಕಾಣುತ್ತದೆ, ಅಷ್ಟೇ. ಅದೃಷ್ಟ ತರುತ್ತದೆ, ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎಂಬ ಸುಳ್ಳಿನಿಂದಾಗಿ ಕಳ್ಳಸಾಗಣೆದಾರರ ಕೈಯಲ್ಲಿ ಅದು ಬಹಳ ನೋವುಂಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಹೊರದೇಶದ ಬೋವಾಗಳಿಗೂ 2022ರ ತಿದ್ದುಪಡಿಯ ನಂತರ ಕಾನೂನು ಬಂದಿದೆ: ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಬೇಕು, ಬೋವಾಗಳೆಲ್ಲ ಆ ಪಟ್ಟಿಯಲ್ಲಿವೆ. ಕಾಗದಪತ್ರವಿಲ್ಲದೆ ಯಾರೋ ಡಬ್ಬಿಯಲ್ಲಿ ತಂದುಕೊಡುವ ಹಾವನ್ನು ಯಾವ ಕಾರಣಕ್ಕೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಅಮೆರಿಕದಲ್ಲಿರುವವರು ತಮ್ಮ ರಾಜ್ಯ, ಊರು, ಬಾಡಿಗೆ ಕರಾರು ಈ ಮೂರನ್ನೂ ನೋಡಿಕೊಳ್ಳಬೇಕು. ಹವಾಯಿಯಲ್ಲಂತೂ ಯಾವ ಹಾವನ್ನೂ ಸಾಕುವಂತಿಲ್ಲ. ದಂಡ 2 ಲಕ್ಷ ಡಾಲರ್‌ವರೆಗೆ, ಜೈಲು 3 ವರ್ಷದವರೆಗೆ.

ಇನ್ನು ಆಯ್ಕೆ. ಸಾಕಣೆಯಲ್ಲೇ ಹುಟ್ಟಿದ ಮರಿಯನ್ನೇ ಕೊಳ್ಳಿ. ಕಾಡಿನಿಂದ ಹಿಡಿದು ಹಡಗು-ವಿಮಾನದಲ್ಲಿ ಬಂದ ಹಾವು ಸೋತಿರುತ್ತದೆ, ಹೊಟ್ಟೆಯಲ್ಲಿ ಹುಳ, ಮೈಮೇಲೆ ಉಣ್ಣೆ ಇರುತ್ತವೆ, ಊಟ ಬಿಟ್ಟಿರುತ್ತದೆ. ಬೋವಾ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಒಂದು ಹೆರಿಗೆಗೆ ಹತ್ತರಿಂದ ಅರವತ್ತರವರೆಗೂ ಮರಿಗಳು. ಒಳ್ಳೆಯ ತಳಿಗಾರರು ಅವನ್ನು ಹುಟ್ಟಿದ ವಾರವೇ ಮಾರುವುದಿಲ್ಲ. ಕೆಲವು ತಿಂಗಳು ಇಟ್ಟುಕೊಂಡು, ಹೆಪ್ಪು ಬಿಡಿಸಿದ ಇಲಿಮರಿಗಳನ್ನು ತಪ್ಪದೆ ತಿನ್ನುತ್ತಿದೆ ಎಂದು ಖಾತ್ರಿಯಾದ ಮೇಲೆ ಕೊಡುತ್ತಾರೆ. ಯಾವ ತಾರೀಖು ತಿಂದಿತು, ಯಾವಾಗ ಪೊರೆ ಬಿಟ್ಟಿತು, ತೂಕ ಎಷ್ಟು ಎಂಬ ದಾಖಲೆ ಕೇಳಿ. ಕೇಳಿದ್ದಕ್ಕೆ ಸಿಡಿಮಿಡಿಗೊಳ್ಳುವವರ ಬಳಿ ಕೊಳ್ಳಬೇಡಿ. ಸಾಧ್ಯವಾದರೆ ತಾಯಿ-ತಂದೆ ಹಾವುಗಳನ್ನು ನೋಡಿ, ಮರಿ ಎಷ್ಟು ಬೆಳೆಯುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

ಬಣ್ಣದ ಬಗ್ಗೆ ಮಕ್ಕಳು ಪಟ್ಟು ಹಿಡಿಯುತ್ತಾರೆ. ಬಿಳಿ-ಹಳದಿಯ ಆಲ್ಬಿನೋ, ಬೇರೆ ಬೇರೆ ಹೆಸರಿನ ತಳಿಬಣ್ಣಗಳು ದುಬಾರಿ. ಆರೋಗ್ಯಕ್ಕೂ ಸ್ವಭಾವಕ್ಕೂ ಬಣ್ಣದಿಂದ ಹೆಚ್ಚುಗಾರಿಕೆ ಏನೂ ಬರುವುದಿಲ್ಲ. ಉಳಿದ ಹಣವನ್ನು ಒಳ್ಳೆಯ ಪೆಟ್ಟಿಗೆಗೂ ಥರ್ಮೋಸ್ಟಾಟಿಗೂ ಹಾಕಿ.

ಮರಿಯನ್ನು ಕೈಗೆ ತೆಗೆದುಕೊಂಡಾಗ ಮೈ ಬಿಗಿಯಾಗಿ ನಿಮ್ಮ ಬೆರಳನ್ನು ಹಿಡಿದುಕೊಳ್ಳಬೇಕು, ಜೋಲಬಾರದು. ಉಸಿರಾಟ ಕೇಳಿಸಬಾರದು. ಬಾಯಿಯ ಅಂಚಿನಲ್ಲಿ ಗುಳ್ಳೆ, ಲೋಳೆ ಇರಬಾರದು. ಗುದದ ಸುತ್ತ ಕೊಳೆ ಅಂಟಿರಬಾರದು. ಕಣ್ಣಿನ ಅಂಚು, ಗದ್ದದ ಕೆಳಗಿನ ಗೀರು ನೋಡಿ; ಗಸಗಸೆ ಕಾಳಿಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಸರಿದಾಡುತ್ತಿದ್ದರೆ ಅವು ಹಾವಿನ ಉಣ್ಣೆಗಳು. ನೀರಿನ ಬಟ್ಟಲಿನ ತಳದಲ್ಲೂ ಅವು ಸತ್ತು ಬಿದ್ದಿರುತ್ತವೆ. ಒಂದು ಹಾವಿನಲ್ಲಿ ಕಂಡರೆ ಆ ಮಾರಾಟಗಾರರ ಬಳಿ ಇರುವ ಯಾವ ಹಾವನ್ನೂ ತರಬೇಡಿ.

ಉಣ್ಣೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಬೋವಾಗಳನ್ನು ಕಾಡುವ ಅತಿ ಕೆಟ್ಟ ಕಾಯಿಲೆಗೆ 'ಇನ್‌ಕ್ಲೂಷನ್ ಬಾಡಿ ಡಿಸೀಸ್' ಎಂದು ಹೆಸರು, ಐಬಿಡಿ ಎನ್ನುತ್ತಾರೆ. ದಶಕಗಳ ಕಾಲ ಕಾರಣ ತಿಳಿಯದೆ ಇದ್ದ ಈ ರೋಗಕ್ಕೆ ಅರೆನಾವೈರಸ್ ನಂಟಿರುವುದನ್ನು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಉಣ್ಣೆಗಳು ಇದನ್ನು ಹರಡುತ್ತವೆ ಎಂಬ ಬಲವಾದ ಶಂಕೆಯಿದೆ. ಪದೇ ಪದೇ ವಾಂತಿ, ತಲೆ ಮೇಲೆತ್ತಿ ಆಕಾಶ ನೋಡಿದಂತೆ ನಿಲ್ಲುವುದು, ಬೆನ್ನಿನ ಮೇಲೆ ಮಲಗಿಸಿದರೆ ಮಗುಚಲಾಗದಿರುವುದು ಇದರ ಲಕ್ಷಣಗಳು. ಔಷಧಿಯಿಲ್ಲ. ಬೋವಾಗಳಲ್ಲಿನ ತೊಡಕೆಂದರೆ, ಸೋಂಕಿದ್ದರೂ ವರ್ಷಗಟ್ಟಲೆ ಏನೂ ತೋರದೆ ಇರಬಲ್ಲವು. ಆದ್ದರಿಂದ ತಂದ ಮೊದಲ ಕೆಲವು ವಾರಗಳಲ್ಲೇ ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಿ. ಎಲ್ಲ ಪಶುವೈದ್ಯರೂ ಹಾವು ನೋಡುವುದಿಲ್ಲ. ಸರೀಸೃಪ ಮತ್ತು ಉಭಯಚರಗಳ ಪಶುವೈದ್ಯರ ಸಂಘದ ಪಟ್ಟಿಯಲ್ಲಿ ಹತ್ತಿರದವರನ್ನು ಹುಡುಕಿಟ್ಟುಕೊಳ್ಳಿ, ಹಾವು ತರುವ ಮೊದಲೇ. ಮನೆಯಲ್ಲಿ ಈಗಾಗಲೇ ಬೇರೆ ಹಾವಿದ್ದರೆ ಹೊಸದನ್ನು ಬೇರೆ ಕೋಣೆಯಲ್ಲಿ ಕನಿಷ್ಠ ಮೂರು ತಿಂಗಳು ಇಡಿ.

ಪೆಟ್ಟಿಗೆ ಮೊದಲು, ಹಾವು ಆಮೇಲೆ. ಪೆಟ್ಟಿಗೆ ಹೊಂದಿಸಿ ಒಂದು ವಾರ ಖಾಲಿ ಓಡಿಸಿ, ಬಿಸಿ-ತೇವ ಹಗಲು ರಾತ್ರಿ ಹೇಗಿರುತ್ತವೆ ಎಂದು ಮಗುವಿನ ಕೈಯಲ್ಲಿ ಬರೆಸಿ. ಈ ಒಂದು ವಾರದಲ್ಲಿ ಮಗುವಿನ ಆಸಕ್ತಿ ಎಷ್ಟು ಗಟ್ಟಿ ಎಂಬುದೂ ನಿಮಗೆ ಗೊತ್ತಾಗುತ್ತದೆ. ಮರಿಗೆ ಚಿಕ್ಕ ಪೆಟ್ಟಿಗೆ ಸಾಕು, ಬೆಳೆದ ಬೋವಾಗೆ 6 ಅಡಿ ಉದ್ದ, 2 ಅಡಿಗಿಂತ ಹೆಚ್ಚು ಅಗಲದ್ದು ಬೇಕು. ಅದಕ್ಕೆ ಜಾಗ ಎಲ್ಲಿ ಎಂದು ಇವತ್ತೇ ಗೋಡೆ ಅಳೆದು ನೋಡಿ. ಬಾಗಿಲಿಗೆ ಬೀಗ ಕಡ್ಡಾಯ. ಬೋವಾ ಬಲಶಾಲಿ, ಸಡಿಲ ಮುಚ್ಚಳವನ್ನು ಮೂತಿಯಿಂದ ತಳ್ಳಿ ಎತ್ತುತ್ತದೆ.

ಹಾವು ತನ್ನ ಮೈಬಿಸಿಯನ್ನು ತಾನೇ ಉಂಟುಮಾಡಿಕೊಳ್ಳದು, ಬಿಸಿ ಕಡೆಗೂ ತಂಪು ಕಡೆಗೂ ಸರಿದಾಡಿ ಹೊಂದಿಸಿಕೊಳ್ಳುತ್ತದೆ. ಪೆಟ್ಟಿಗೆಯ ಒಂದು ತುದಿ 88ರಿಂದ 90 ಡಿಗ್ರಿ ಫ್ಯಾರನ್‌ಹೀಟ್ (31-32 ಸೆಲ್ಸಿಯಸ್), ಇನ್ನೊಂದು ತುದಿ 78ರಿಂದ 80 (26-27 ಸೆಲ್ಸಿಯಸ್) ಇರಲಿ. ರಾತ್ರಿ 75ಕ್ಕಿಂತ ಕೆಳಗೆ ಬೇಡ. ಎರಡೂ ತುದಿಯಲ್ಲಿ ಮೈ ಮುಚ್ಚುವಷ್ಟೇ ಇಕ್ಕಟ್ಟಾದ ಅಡಗುತಾಣ ಇಡಿ; ಒಂದೇ ಇಟ್ಟರೆ ಹಾವು ಬಿಸಿಗೂ ಮರೆಗೂ ನಡುವೆ ಒಂದನ್ನು ಬಿಡಬೇಕಾಗುತ್ತದೆ. ಬಿಸಿ ಕೊಡುವ ಪ್ರತಿಯೊಂದು ಸಾಧನವೂ ಥರ್ಮೋಸ್ಟಾಟಿಗೆ ಜೋಡಿಸಿರಲೇಬೇಕು. ಹೊಟ್ಟೆ ಸುಟ್ಟುಕೊಂಡು ಬರುವ ಹಾವುಗಳನ್ನು ನೋಡುವುದು ಬಹಳ ಸಂಕಟ. ಬಿಸಿ ಕಲ್ಲು ಎಂದು ಅಂಗಡಿಯಲ್ಲಿ ಮಾರುವುದನ್ನು ತರಲೇಬೇಡಿ. ತೇವಾಂಶ ಶೇ 60ರ ಆಸುಪಾಸು. ಚಳಿಗಾಲದಲ್ಲಿ ಹೀಟರ್ ಓಡುವ ಮನೆಯಲ್ಲಿ ಇದು ಬೇಗ ಇಳಿಯುತ್ತದೆ. ತೆಂಗಿನ ನಾರಿನ ಪುಡಿ ಅಥವಾ ಸೈಪ್ರೆಸ್ ಚಕ್ಕೆ ಹಾಸಿದರೆ ತೇವ ನಿಲ್ಲುತ್ತದೆ. ದೇವದಾರು ಜಾತಿಯ ಸೀಡರ್ ಚಕ್ಕೆ ಬೇಡ, ಅದರ ಎಣ್ಣೆ ಹಾವಿಗೆ ವಿಷ.

ತಂದ ಮೇಲೆ ಮೊದಲ ಒಂದೆರಡು ವಾರ ಅದನ್ನು ಎತ್ತಬೇಡಿ. ನೆಂಟರಿಗೆ, ಮಗುವಿನ ಗೆಳೆಯರಿಗೆ ತೋರಿಸುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ನೀರು ಬದಲಿಸುವುದು ಬಿಟ್ಟರೆ ಬೇರೇನೂ ಬೇಡ. ವಾರ ಕಳೆದ ಮೇಲೆ ಮೊದಲ ಊಟ ಕೊಡಿ.

ಊಟದ ವಿಷಯದಲ್ಲಿ ನಮ್ಮವರ ಪ್ರೀತಿಯೇ ಅಪಾಯ. "ಪಾಪ, ಹಸಿದಿದೆ" ಎಂದು ವಾರಕ್ಕೆರಡು ಬಾರಿ ಕೊಡುತ್ತಾರೆ. ಬೋವಾದ ದೇಹ ಬಹಳ ನಿಧಾನ. ಮೊದಲ ವರ್ಷದ ಮರಿಗೆ 10ರಿಂದ 14 ದಿನಕ್ಕೊಮ್ಮೆ ಒಂದು ಚಿಕ್ಕ ಇಲಿಮರಿ, ಎರಡು-ಮೂರು ವರ್ಷದ್ದಕ್ಕೆ ಎರಡು-ಮೂರು ವಾರಕ್ಕೊಮ್ಮೆ, ಬೆಳೆದದ್ದಕ್ಕೆ ನಾಲ್ಕು ವಾರ ಅಥವಾ ಇನ್ನೂ ಹೆಚ್ಚಿನ ಅಂತರದಲ್ಲಿ ಒಂದು ಇಲಿ. ಇಲಿಯ ಗಾತ್ರ ಹಾವಿನ ಮೈಯ ದಪ್ಪಭಾಗವನ್ನು ಮೀರಬಾರದು. ಬೇಗ ಬೆಳೆಸುವ ಆಸೆಯಿಂದ ತುಂಬಿ ತುಂಬಿ ತಿನ್ನಿಸಿದ ಬೋವಾ ಬೊಜ್ಜು ಬಂದು, ಯಕೃತ್ತು ಕೆಟ್ಟು, ಇಪ್ಪತ್ತೈದು ವರ್ಷ ಬಾಳಬೇಕಾದದ್ದು ಅದರ ಅರ್ಧಕ್ಕೇ ಹೋಗುತ್ತದೆ. ಹೆಪ್ಪುಗಟ್ಟಿದ ಇಲಿಯನ್ನು ಮನೆಯವರ ಆಹಾರದಿಂದ ದೂರ, ಮುಚ್ಚಿದ ಡಬ್ಬಿಯಲ್ಲಿಟ್ಟು ಹೆಪ್ಪು ಬಿಡಿಸಿ, ಆಮೇಲೆ ಬಿಸಿನೀರಿನಲ್ಲಿ ಪೊಟ್ಟಣವನ್ನಿಟ್ಟು ಮೈಬಿಸಿಗೆ ತನ್ನಿ. ಮೈಕ್ರೊವೇವ್ ಬೇಡ. ಉದ್ದದ ಇಕ್ಕಳದಲ್ಲಿ ಹಿಡಿದು ಕೊಡಬೇಕು, ಕೊಡುವವರು ದೊಡ್ಡವರಾಗಿರಬೇಕು. ಜೀವಂತ ಇಲಿಯನ್ನು ಬಿಡಬೇಡಿ: ಅದು ಇಲಿಗೂ ಹಿಂಸೆ, ಕಚ್ಚಿಸಿಕೊಂಡ ಹಾವಿಗೂ ಹಿಂಸೆ.

ತಿಂದ ಮೇಲೆ 48 ಗಂಟೆ ಮುಟ್ಟಬೇಡಿ, ದೊಡ್ಡ ಊಟವಾಗಿದ್ದರೆ ಇನ್ನೂ ಹೆಚ್ಚು. ತಿಂದದ್ದನ್ನು ವಾಂತಿ ಮಾಡಿದರೆ ಗಾಬರಿಯಿಂದ ಮತ್ತೆ ತಿನ್ನಿಸಲು ಹೋಗಬೇಡಿ. ಬಿಸಿ ಸರಿಯಿದೆಯೇ ನೋಡಿ, ಎರಡು ವಾರವಾದರೂ ಹೊಟ್ಟೆಗೆ ಬಿಡುವು ಕೊಡಿ, ಆಮೇಲೆ ಮಾಮೂಲಿನ ಅರ್ಧ ಗಾತ್ರದ್ದು ಕೊಡಿ. ಎರಡನೆಯ ಸಲವೂ ವಾಂತಿಯಾದರೆ ವೈದ್ಯರ ಬಳಿ ಹೋಗಿ. ಬೆಳೆದ ಗಂಡು ಕೆಲವು ತಿಂಗಳು ಊಟ ಬಿಡುವುದುಂಟು. ತೂಕ ಇಳಿಯದಿದ್ದರೆ ಚಿಂತೆ ಬೇಡ. ಅದಕ್ಕೇ ತಿಂಗಳಿಗೊಮ್ಮೆ ತೂಕ ಮಾಡಿ ಬರೆದಿಡುವುದು, ಮಗುವಿಗೆ ಒಪ್ಪಿಸಬಹುದಾದ ಅತ್ಯುತ್ತಮ ಕೆಲಸ ಇದು.

ಎರಡು-ಮೂರು ಊಟ ಸರಿಯಾಗಿ ಜೀರ್ಣವಾದ ಮೇಲೆ ಕೈಗೆ ತೆಗೆದುಕೊಳ್ಳಲು ಶುರುಮಾಡಿ, ವಾರಕ್ಕೆ ಒಂದೆರಡು ಸಲ, ಹತ್ತು-ಹದಿನೈದು ನಿಮಿಷ. ಪೆಟ್ಟಿಗೆ ತೆರೆದ ಕೂಡಲೇ ಕೈ ಹಾಕಬೇಡಿ. ಒಂದು ಕೊಕ್ಕೆಯಿಂದ ಮೈಯನ್ನು ಮೃದುವಾಗಿ ಸವರಿದರೆ ಇದು ಊಟದ ಹೊತ್ತಲ್ಲ ಎಂದು ಅದಕ್ಕೆ ತಿಳಿಯುತ್ತದೆ. ಕೈಯಲ್ಲಿ ಇಲಿಯ ವಾಸನೆ ಇರಬಾರದು. ಮನೆಯಲ್ಲಿ ಮೊಲವೋ ಹ್ಯಾಮ್ಸ್ಟರೋ ಇದ್ದರೆ ಅದನ್ನು ಮುಟ್ಟಿದ ಕೈಯನ್ನೂ ತೊಳೆದಿರಬೇಕು. ಎತ್ತುವಾಗ ಮೈಯ ನಡುಭಾಗಕ್ಕೆ ಆಸರೆ ಕೊಡಿ, ತಲೆಯನ್ನು ಹಿಡಿಯಬೇಡಿ.

ಬೋವಾ ಬೇಟೆಯನ್ನು ಸುತ್ತಿ ಕೊಲ್ಲುವುದು ಹೇಗೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಮುಚ್ಚಿಡದೆ ಹೇಳಿ. ಉಸಿರು ಕಟ್ಟಿಸಿ ಕೊಲ್ಲುತ್ತದೆ ಎಂದೇ ಬಹುಕಾಲ ನಂಬಲಾಗಿತ್ತು. ಪೆನ್ಸಿಲ್ವೇನಿಯಾದ ಡಿಕಿನ್‌ಸನ್ ಕಾಲೇಜಿನ ಸ್ಕಾಟ್ ಬೋಬ್ಯಾಕ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ, ಬಿಗಿತಕ್ಕೆ ಇಲಿಯ ರಕ್ತಸಂಚಾರವೇ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ ಎಂದು ತೋರಿಸಿತು. ಅದಕ್ಕೂ ಮೊದಲು, 2012ರಲ್ಲಿ, ಬೋವಾ ಬೇಟೆಯ ಎದೆಬಡಿತವನ್ನು ಗ್ರಹಿಸಿ, ಅದು ನಿಂತ ಮೇಲೆ ಹಿಡಿತ ಸಡಿಲಿಸುತ್ತದೆ ಎಂಬುದನ್ನೂ ಇದೇ ತಂಡ ಕಂಡುಕೊಂಡಿತ್ತು. ಇಷ್ಟು ತಿಳಿದ ಮಗು ಹಾವನ್ನು ಕುತ್ತಿಗೆಗೆ ಸುತ್ತಿಕೊಂಡು ಫೋಟೊ ತೆಗೆಸಿಕೊಳ್ಳುವುದು ಏಕೆ ಕೂಡದು ಎಂದು ತಾನೇ ಅರ್ಥಮಾಡಿಕೊಳ್ಳುತ್ತದೆ. ಮಕ್ಕಳು ಒಬ್ಬರೇ ಇದ್ದಾಗ ಪೆಟ್ಟಿಗೆ ತೆರೆಯುವಂತಿಲ್ಲ. ಹಾವು 6 ಅಡಿ ದಾಟಿದ ಮೇಲೆ ದೊಡ್ಡವರೂ ಒಬ್ಬರೇ ಎತ್ತಬಾರದು. ಬಿಗಿಯಾಗಿ ಸುತ್ತಿಕೊಂಡರೆ ಬಾಲದ ತುದಿಯಿಂದ ಬಿಡಿಸುತ್ತ ಬನ್ನಿ. ಬೋವಾದಲ್ಲಿ ವಿಷವಿಲ್ಲ, ಆದರೆ ಹಲ್ಲು ಒಳಬಾಗಿರುತ್ತವೆ. ಕಚ್ಚಿ ಹಿಡಿದರೆ ಕೈ ಎಳೆದುಕೊಳ್ಳದೆ ತಣ್ಣೀರ ಧಾರೆಗೆ ಹಿಡಿಯಿರಿ, ಬಿಡುತ್ತದೆ. ಗಾಯವನ್ನು ಸೋಪಿನಿಂದ ತೊಳೆದು ವೈದ್ಯರಿಗೆ ತೋರಿಸಿ.

ಕಣ್ಣು ನೀಲಿಯಾಗಿ ಮಂಜುಗಟ್ಟಿದರೆ ಪೊರೆ ಬಿಡುವ ಕಾಲ ಬಂತೆಂದು ಅರ್ಥ. ಆಗ ಅದಕ್ಕೆ ಸರಿಯಾಗಿ ಕಾಣಿಸದು, ಮುಂಗೋಪವೂ ಇರುತ್ತದೆ. ತೇವ ಹೆಚ್ಚಿಸಿ, ಮುಟ್ಟದೆ ಬಿಡಿ. ಪೊರೆ ಒಂದೇ ತುಂಡಾಗಿ ಬರಬೇಕು. ಚೂರುಚೂರಾಗಿ ಬಂದರೆ ತೇವ ಸಾಲದು. ಕಣ್ಣಿನ ಮೇಲೆ ಉಳಿದ ಪೊರೆಯನ್ನು ಉಗುರಿನಿಂದ ಕೀಳಲು ಹೋಗಬೇಡಿ, ಕಣ್ಣೇ ಹೋಗಬಹುದು. ಬಾಯಿ ತೆರೆದು ಉಸಿರಾಡುವುದು, ಸೀಟಿ ಹೊಡೆದಂಥ ಶಬ್ದ, ಬಾಯಂಚಿನ ಲೋಳೆ ಕಂಡರೆ ಅದು ಶ್ವಾಸಕೋಶದ ಸೋಂಕು, ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಒಯ್ಯಿರಿ.

ಡಿಸೆಂಬರಿನಲ್ಲಿ ಊರಿಗೆ ಹೊರಟರೆ ಏನು ಗತಿ ಎಂದು ಎಲ್ಲರೂ ಕೇಳುತ್ತಾರೆ. ಬೆಳೆದ ಬೋವಾ ಮೂರು ವಾರ ಊಟವಿಲ್ಲದೆ ಆರಾಮವಾಗಿ ಇರುತ್ತದೆ. ಹೊರಡುವ ಹಿಂದಿನ ದಿನ ತಿನ್ನಿಸಬೇಡಿ, ವಾಂತಿಯಾದರೆ ನೋಡುವವರಿಲ್ಲ. ಆದರೆ ನೀರು ಬದಲಿಸಿ ಬಿಸಿ ನೋಡಲು ಎರಡು-ಮೂರು ದಿನಕ್ಕೊಮ್ಮೆ ಯಾರಾದರೂ ಬರಲೇಬೇಕು. ವಿದ್ಯುತ್ ಹೋದಾಗಿನ ಯೋಚನೆಯೂ ಇರಲಿ. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ಹಿಮಗಾಳಿಗೆ ದಿನಗಟ್ಟಲೆ ಕರೆಂಟು ಹೋಗಿ ಮನುಷ್ಯರೇ ಮನೆಯೊಳಗೆ ನಡುಗಿದ್ದರು. ದಪ್ಪ ಕಂಬಳಿ, ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ, ಹಾವನ್ನು ಹಾಕಿಡಲು ಬಟ್ಟೆಚೀಲ ಮತ್ತು ಥರ್ಮೋಕೋಲ್ ಪೆಟ್ಟಿಗೆ, ಇಷ್ಟು ಒಂದೆಡೆ ಸಿದ್ಧವಿರಬೇಕು.

ಎಂದಾದರೂ ಸಾಕಲಾಗದ ಸ್ಥಿತಿ ಬಂದರೆ ಹಾವನ್ನು ಕಾಡಿಗೋ ಕೆರೆದಂಡೆಗೋ ಬಿಡುವುದು ದಯೆಯಲ್ಲ. ಚಳಿಯ ರಾಜ್ಯಗಳಲ್ಲಿ ಅದು ಕೆಲವೇ ವಾರಗಳಲ್ಲಿ ಸಾಯುತ್ತದೆ. ಬೆಚ್ಚಗಿನ ನೆಲದಲ್ಲಿ ಬದುಕಿಕೊಂಡರೆ ಅದು ಅಲ್ಲಿನ ಜೀವಿಗಳಿಗೆ ಸಾವು: ಅರೂಬಾ ದ್ವೀಪ, ಮೆಕ್ಸಿಕೋದ ಕೊಸುಮೆಲ್, ಪೋರ್ಟೊ ರಿಕೋಗಳಲ್ಲಿ ಮನುಷ್ಯರು ತಂದುಬಿಟ್ಟ ಬೋವಾಗಳು ನೆಲೆಯೂರಿ ಅಲ್ಲಿನ ಹಕ್ಕಿ, ಹಲ್ಲಿಗಳನ್ನು ತಿನ್ನುತ್ತಿವೆ. ಫ್ಲಾರಿಡಾದಲ್ಲಿ ಇಂಥ ಪ್ರಾಣಿಗಳನ್ನು ದಂಡವಿಲ್ಲದೆ ಒಪ್ಪಿಸಲು ವನ್ಯಜೀವಿ ಇಲಾಖೆಯದ್ದೇ ಏರ್ಪಾಡಿದೆ. ಬೇರೆಡೆ ಸರೀಸೃಪ ರಕ್ಷಣಾ ಗುಂಪುಗಳಿವೆ. ಅನೇಕ ತಳಿಗಾರರು ತಾವು ಮಾರಿದ ಹಾವನ್ನು ವಾಪಸು ಪಡೆಯಲು ಒಪ್ಪುತ್ತಾರೆ, ಕೊಳ್ಳುವ ದಿನವೇ ಕೇಳಿ, ಒಪ್ಪಿದರೆ ಬರೆಸಿಕೊಳ್ಳಿ. ಆ ಕಾಗದವನ್ನು ಹಾವಿನ ತೂಕದ ಪುಸ್ತಕದ ಜೊತೆಗೇ ಇಟ್ಟು, ಅದು ಎಲ್ಲಿದೆಯೆಂದು ಮಗುವಿಗೂ ತೋರಿಸಿರಿ.